ಚನ್ನಗಿರಿಯಿಂದ ಸುಡಾನಿಗೆ: ಹಕ್ಕಿಪಿಕ್ಕಿಗಳು ದಾಟಿದ ಗಡಿಗಳು

2023ರ ಏಪ್ರಿಲ್‌ನಲ್ಲಿ ರಾಜ್ಯ ವಿಧಾನಸಭೆ ಚುನಾವಣೆಯ ಕಾವು ಏರುತ್ತಿದ್ದಾಗ, ಅದುವರೆಗೆ ಇಲ್ಲಿ ಯಾರೂ ಕೇಳಿರದಿದ್ದ ಆಫ್ರಿಕದ ಊರೊಂದರ ಹೆಸರು ಕನ್ನಡ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಅದು ಸುಡಾನ್ ದೇಶದ ಪಶ್ಚಿಮ ಭಾಗದ ದಾರ್ಫುರ್ ಪ್ರಾಂತದಲ್ಲಿರುವ ಅಲ್ ಫಶೀರ್. ಏಪ್ರಿಲ್ 15ರಂದು ಅಲ್ಲಿನ ಸೇನೆಗೂ ಅರೆಸೇನಾ ಪಡೆಗೂ ನಡುವೆ ಕಾಳಗ ಆರಂಭವಾಗಿತ್ತು. ಗುಂಡಿನ ಸದ್ದಿನ ನಡುವೆ ಬಾಡಿಗೆ ಕೋಣೆಗಳಲ್ಲಿ ಸಿಕ್ಕಿಬಿದ್ದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳೂ ಇದ್ದರು. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕು, ಶಿವಮೊಗ್ಗ ಮತ್ತು ಮೈಸೂರು ಜಿಲ್ಲೆಯ ಹುಣಸೂರು ಕಡೆಯಿಂದ ಹೋದವರು ಅವರು.

ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಈ ಬಗ್ಗೆ ಟ್ವಿಟರ್‌ನಲ್ಲಿ ಬರೆದರು. ವಿದೇಶಾಂಗ ಸಚಿವ ಎಸ್. ಜೈಶಂಕರ್ ಖಾರವಾಗಿಯೇ ಉತ್ತರಿಸಿದರು. ವಾಗ್ವಾದ ದೊಡ್ಡ ಸುದ್ದಿಯಾಯಿತು. ಆದರೆ ಓದುಗರ ಮನಸ್ಸಿನಲ್ಲಿ ಎದ್ದ ಪ್ರಶ್ನೆ ಬೇರೆಯೇ ಇತ್ತು. ಊರ ಜಾತ್ರೆಗಳಲ್ಲಿ ಮಣಿಸರ, ಪ್ಲಾಸ್ಟಿಕ್ ಹೂವು, ಕೂದಲೆಣ್ಣೆ ಮಾರುವ ಈ ಜನ ಸುಡಾನಿಗೆ ಹೋಗಿದ್ದಾದರೂ ಹೇಗೆ?

ಉತ್ತರಕ್ಕೆ ಈ ಸಮುದಾಯದ ಚರಿತ್ರೆಯನ್ನು ಸ್ವಲ್ಪ ನೋಡಬೇಕಾಗುತ್ತದೆ. ಹಕ್ಕಿಪಿಕ್ಕಿ ಎಂಬುದು ಕನ್ನಡಿಗರು ಕೊಟ್ಟ ಹೆಸರು. ಹಕ್ಕಿ ಹಿಡಿಯುವವರು ಎಂಬ ಅರ್ಥದಲ್ಲಿ ಬಳಕೆಗೆ ಬಂತು. ಅವರ ಮನೆಮಾತು ವಾಗ್ರಿ. ಸುತ್ತಲಿನ ದ್ರಾವಿಡ ಭಾಷೆಗಳೊಂದಿಗೆ ಅದಕ್ಕೆ ನಂಟಿಲ್ಲ, ಗುಜರಾತಿಗೆ ಅದು ಹತ್ತಿರ. ತಾವು ರಾಣಾ ಪ್ರತಾಪಸಿಂಹನ ಕಡೆಯ ಯೋಧರ ವಂಶಸ್ಥರೆಂದೂ ಸೋಲಿನ ನಂತರ ದಕ್ಷಿಣಕ್ಕೆ ಬಂದವರೆಂದೂ ಅವರು ಹೇಳಿಕೊಳ್ಳುತ್ತಾರೆ. ಈ ಕಥೆಗೆ ದಾಖಲೆಯ ಬಲವಿಲ್ಲದಿದ್ದರೂ ಗುಜರಾತಿಯಾ, ಕಾಳಿವಾಲ, ಮೇವಾರ, ಪನ್ವಾರ ಎಂಬ ಕುಲಗಳ ಹೆಸರುಗಳು ಬಂದ ದಿಕ್ಕನ್ನು ಸೂಚಿಸುತ್ತವೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಇವರ ಸಂಖ್ಯೆ 11,892. ರಾಜ್ಯದಲ್ಲಿ ಇವರು ಪರಿಶಿಷ್ಟ ಪಂಗಡಕ್ಕೆ ಸೇರಿದ್ದಾರೆ.

ಗಡಿ ಎಂಬುದು ಇಂಥವರಿಗೆ ಏನಾಗಿತ್ತು? ತಮಿಳುನಾಡಿನಲ್ಲಿ ಇವರ ಬಂಧುಗಳಿಗೆ ನರಿಕುರವರ್ ಅಥವಾ ಕುರುವಿಕ್ಕಾರನ್ ಎಂದು ಹೆಸರು. ಒಂದೇ ಮಾತು, ಒಂದೇ ಬಗೆಯ ಬದುಕು. ಆದರೆ ರಾಜ್ಯದ ಗೆರೆ ದಾಟಿದ ಕೂಡಲೇ ಕಾನೂನಿನ ಕಣ್ಣಿಗೆ ಅವರು ಬೇರೆಯಾಗುತ್ತಿದ್ದರು. ಕರ್ನಾಟಕದ ಹಕ್ಕಿಪಿಕ್ಕಿಗಳು ದಶಕಗಳಿಂದ ಪರಿಶಿಷ್ಟ ಪಂಗಡದಲ್ಲಿದ್ದರೆ, ತಮಿಳುನಾಡಿನ ನರಿಕುರವರ್ ಆ ಪಟ್ಟಿಗೆ ಸೇರಲು ಸಂಸತ್ತು 2022ರ ಡಿಸೆಂಬರ್‌ನಲ್ಲಿ ಮಸೂದೆ ಅಂಗೀಕರಿಸುವವರೆಗೆ ಕಾಯಬೇಕಾಯಿತು. ನರಿಕುರವರಲ್ಲಿ ದೇವರಿಗೆ ಸಂಬಂಧಿಸಿದ ವಸ್ತುಗಳನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಕುಟುಂಬದೊಡನೆ ಒಯ್ಯುವ ಪದ್ಧತಿಯಿದೆ. ದೇವರೇ ಜತೆಯಲ್ಲಿ ನಡೆದು ಬರುವಾಗ ಊರು ಬಿಟ್ಟೆವೆಂಬ ಭಾವನೆ ಬರುವುದು ಕಷ್ಟ.

ನೆಲೆನಿಂತವರ ಗಡಿಯೂ ಸ್ಥಿರವಾದುದೇನಲ್ಲ. ದಾವಣಗೆರೆ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಚನ್ನಗಿರಿ, ಹೊನ್ನಾಳಿಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ಹೊಸ ಜಿಲ್ಲೆ ಹುಟ್ಟಿತು. ಆಗ ಬಳ್ಳಾರಿಯಿಂದ ಬಂದ ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೇ ಮರಳಿತು. ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ಊರು ನಿಂತಲ್ಲೇ ಇದ್ದರೂ ಗೆರೆ ಸರಿದಾಡಿತು. ಅದೇ ನ್ಯಾಮತಿಯ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಎತ್ತಿನ ಹಿಂಡುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ರಾಜ್ಯದಿಂದ ರಾಜ್ಯಕ್ಕೆ ನಡೆದ ಲಂಬಾಣಿಗಳು ದೇಶದ ಮೂಲೆಮೂಲೆಗಳಿಂದ ಇಂದು ಅಲ್ಲಿಗೆ ಬರುತ್ತಾರೆ. ರೈಲು ಬಂದ ಮೇಲೆ ಅವರ ಸಾಗಾಟದ ಕಸುಬು ಕುಸಿಯಿತು.

ಹಕ್ಕಿಪಿಕ್ಕಿಗಳ ಕಸುಬಿಗೆ ಪೆಟ್ಟು ಕೊಟ್ಟದ್ದು ಕಾಡಿನ ಗಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬಲೆ ಬೀಸಿ ಹಕ್ಕಿ ಹಿಡಿಯುವುದು ಅಪರಾಧವಾಯಿತು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಾಗಿ ಈಗ ವನ್ಯಧಾಮವೇ ಇದೆ. ಕೊಂಡುಕುರಿಗೆ ಅದು ಅಗತ್ಯವೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಡಿನ ಸುತ್ತ ಇಂಥ ಗೆರೆಗಳು ಮೂಡಿದಂತೆಲ್ಲ, ಬೇಟೆಯೊಂದನ್ನೇ ಬಲ್ಲವರು ಬೇರೆ ದಾರಿ ಹುಡುಕಬೇಕಾಯಿತು. ಸರ್ಕಾರ ಅವರಿಗೆ ನೆಲೆ ಕಲ್ಪಿಸಿತು. ಹುಣಸೂರಿನ ಪಕ್ಷಿರಾಜಪುರ, ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿ, ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳ್ ಇವು ಅಂಥ ವಸತಿಗಳು. ಮನೆ ಬಂತು, ಕೆಲವರಿಗೆ ತುಂಡು ಜಮೀನೂ ಬಂತು. ಕಾಲಿನ ಚಾಳಿ ಮಾತ್ರ ಹೋಗಲಿಲ್ಲ.

ಕಾಡಿನಿಂದ ಅವರು ತಂದದ್ದು ಗಿಡಮೂಲಿಕೆಯ ತಿಳಿವಳಿಕೆ. ಎಣ್ಣೆ, ಬೇರು, ಪುಡಿಗಳನ್ನು ಮೊದಲು ಜಾತ್ರೆ, ಸಂತೆಗಳಲ್ಲಿ ಮಾರಿದರು. ಬಳಿಕ ಕೆಲವರು ಆಗ್ನೇಯ ಏಷ್ಯಕ್ಕೆ ಹೋದರು. ಎರಡು ದಶಕಗಳಿಂದೀಚೆಗೆ ಆಫ್ರಿಕದ ದಾರಿ ತೆರೆಯಿತು. ವೈದ್ಯರೂ ಆಸ್ಪತ್ರೆಗಳೂ ವಿರಳವಾಗಿರುವ ಕಡೆ ಇಂಥ ಸರಕಿಗೆ ಗಿರಾಕಿಗಳಿದ್ದಾರೆ. ಊರಿನಲ್ಲಿ ಸಿಗುವುದಕ್ಕಿಂತ ಹಲವು ಪಟ್ಟು ಬೆಲೆ ಸಿಗುತ್ತದೆ. ಈ ಮದ್ದುಗಳ ಗುಣ ವೈಜ್ಞಾನಿಕ ಪರೀಕ್ಷೆಗೆ ಒಳಪಟ್ಟು ಸಿದ್ಧವಾದದ್ದಲ್ಲ ಎಂಬುದನ್ನೂ ಹೇಳಬೇಕು. ಆದರೆ ಒಂದು ಕುಟುಂಬದ ಲೆಕ್ಕ ಸರಳ: ಆರು ತಿಂಗಳು ಹೊರಗೆ ದುಡಿದರೆ ಸಾಲ ತೀರುತ್ತದೆ, ಮನೆಗೆ ಹೆಂಚೋ ತಾರಸಿಯೋ ಬೀಳುತ್ತದೆ.

ಕಡಲು ದಾಟುವುದು ನಮ್ಮ ಸಮಾಜದ ಮೇಲ್ವರ್ಗಗಳಿಗೆ ಬಹುಕಾಲ ಭಯದ ಸಂಗತಿಯಾಗಿತ್ತು. ಸಮುದ್ರಯಾನವನ್ನು ಬೌಧಾಯನ ಧರ್ಮಸೂತ್ರ ಪಾತಕಗಳ ಸಾಲಿನಲ್ಲಿ ಇರಿಸಿದೆ. ಇಂಗ್ಲೆಂಡಿಗೆ ಓದಲು ಹೋಗಿ ಬಂದವರು ಪ್ರಾಯಶ್ಚಿತ್ತ ಮಾಡಿಸಿಕೊಳ್ಳಬೇಕಾದ ಕಾಲವಿತ್ತು. ಕಡಲ ಗಡಿ ಅವರಿಗೆ ಜಾತಿಯ ಗಡಿಯೂ ಆಗಿತ್ತು. ಹಕ್ಕಿಪಿಕ್ಕಿಗಳಿಗೆ ಆ ಅಂಜಿಕೆ ಇರಲಿಲ್ಲ. ಅವರ ಗಡಿ ಭೂಪಟದಲ್ಲಿರಲಿಲ್ಲ, ಕುಲಗಳ ನಡುವೆ ಇತ್ತು: ಯಾರ ಮನೆಯ ಹೆಣ್ಣು ತರಬೇಕು, ಯಾರಿಗೆ ಕೊಡಬೇಕು, ವರನ ಕಡೆಯವರು ಎಷ್ಟು ತೆರ ತೆರಬೇಕು ಎಂಬಲ್ಲಿ. ಹೊರಗಿನದನ್ನು ಅವರು ಹೆಸರಾಗಿಯೂ ಒಳಗೆ ತಂದುಕೊಂಡರು. ಮಕ್ಕಳಿಗೆ ಕಾಫಿ, ಹೈಕೋರ್ಟ್, ಮೈಸೂರುಪಾಕ್ ಎಂದು ಹೆಸರಿಟ್ಟದ್ದನ್ನು ಪತ್ರಿಕೆಗಳು ತಮಾಷೆಯಾಗಿ ಬರೆದಿವೆ. ಕಂಡದ್ದು, ಮೆಚ್ಚಿದ್ದು ಹೆಸರಾಗಬಹುದಾದರೆ ಅಪರಿಚಿತವೆನ್ನುವುದು ಕಡಿಮೆಯೇ.

ಆದರೆ ಈಗಿನ ಗಡಿ ಕಾಗದದ ಗಡಿ. ಹತ್ತನೆಯ ತರಗತಿ ಮುಗಿಸದವರು ಉದ್ಯೋಗಕ್ಕೆಂದು ಕೆಲವು ದೇಶಗಳಿಗೆ ಹೋಗಲು 1983ರ ವಲಸೆ ಕಾಯ್ದೆಯಡಿ ಸರ್ಕಾರದ ಅನುಮತಿ ಪಡೆಯಬೇಕು. ಸುಡಾನ್ ಆ ಪಟ್ಟಿಯಲ್ಲಿದೆ. ಅನುಮತಿ ಪಡೆದವನ ಹೆಸರು, ಮಾಲೀಕನ ಹೆಸರು, ಊರು ಎಲ್ಲವೂ ದಾಖಲಾಗುತ್ತವೆ. ಸಂದರ್ಶಕನಾಗಿ ಹೋಗಿ ಚೀಲದ ಸರಕು ಮಾರುವವನಿಗೆ ಮಾಲೀಕನೇ ಇಲ್ಲ. ಆ ಲೆಕ್ಕದಲ್ಲಿ ಅವನ ಹೆಸರೂ ಇಲ್ಲ. ಶಾಂತಿ ಇರುವಷ್ಟು ದಿನ ಇದು ಅನುಕೂಲ. ಯುದ್ಧ ಬಂದ ದಿನ ಅವನು ಎಲ್ಲಿದ್ದಾನೆಂದು ರಾಯಭಾರ ಕಚೇರಿಗೆ ಹೇಳುವವರಿರುವುದಿಲ್ಲ. 2023ರಲ್ಲಿ ಮೊಬೈಲ್ ಫೋನುಗಳೇ ಆ ಕೆಲಸ ಮಾಡಿದವು. ಅಲ್ಲಿಂದ ಬಂದ ವಿಡಿಯೊಗಳ ಮೂಲಕವೇ ಊರಿಗೂ ಸರ್ಕಾರಕ್ಕೂ ಅವರ ಸ್ಥಿತಿ ತಿಳಿದದ್ದು.

ಏಪ್ರಿಲ್ 24ರಂದು ಕೇಂದ್ರ ಸರ್ಕಾರ ‘ಆಪರೇಷನ್ ಕಾವೇರಿ’ ಘೋಷಿಸಿತು. ಮರುದಿನ ನೌಕಾಪಡೆಯ ಐಎನ್‌ಎಸ್ ಸುಮೇಧಾ ಹಡಗು ಪೋರ್ಟ್ ಸುಡಾನ್ ಬಂದರಿನಿಂದ 278 ಭಾರತೀಯರನ್ನು ಹೊತ್ತು ಕೆಂಪು ಸಮುದ್ರ ದಾಟಿ ಜೆಡ್ಡಾಕ್ಕೆ ಹೊರಟಿತು. ಮೇ 5ರಂದು ಕಾರ್ಯಾಚರಣೆ ಮುಗಿಯುವ ಹೊತ್ತಿಗೆ 3,862 ಮಂದಿ ಪಾರಾಗಿದ್ದರು. ಹಕ್ಕಿಪಿಕ್ಕಿಗಳೂ ತಂಡತಂಡವಾಗಿ ಬೆಂಗಳೂರಿಗೆ ಬಂದು ಊರು ಸೇರಿದರು.

ಜೀವ ಉಳಿಯಿತು; ಸರಕು ಉಳಿಯಲಿಲ್ಲ. ಟಿಕೆಟ್ಟಿಗೆ, ಎಣ್ಣೆಗೆ, ಬೇರುಪುಡಿಗೆ ಬಡ್ಡಿಗೆ ತಂದ ಹಣ ಸುಡಾನಿನ ಬಾಡಿಗೆ ಕೋಣೆಗಳಲ್ಲೇ ಉಳಿಯಿತು. ಸಾಲ ಕೊಟ್ಟವರಿಗೆ ಯುದ್ಧದ ಲೆಕ್ಕ ಬೇಕಿರಲಿಲ್ಲ. ಹೀಗಾಗಿ ಪಾರಾಗಿ ಬಂದವರೇ ಮತ್ತೆ ಹೊರದೇಶದ ಮಾತಾಡಿದ್ದರಲ್ಲಿ ಆಶ್ಚರ್ಯವೇನಿಲ್ಲ. ಸಾಲ ತೀರಿಸಲು ಅವರಿಗೆ ಗೊತ್ತಿದ್ದ ದಾರಿ ಅದೊಂದೇ.

ಅಲ್ ಫಶೀರ್ ನಗರ 2024ರಿಂದ ಮುತ್ತಿಗೆಗೆ ಒಳಗಾಗಿ 2025ರ ಅಕ್ಟೋಬರ್‌ನಲ್ಲಿ ಅರೆಸೇನಾ ಪಡೆಯ ವಶವಾಯಿತು. ಹಡಗು ಹತ್ತಲು ಬೇರೊಂದು ದೇಶದ ಪಾಸ್‌ಪೋರ್ಟ್ ಇಲ್ಲದ ಅಲ್ಲಿನ ಜನ ಸಾವಿರಾರು ಸಂಖ್ಯೆಯಲ್ಲಿ ಬಲಿಯಾದರು. ಚನ್ನಗಿರಿಯಿಂದ ಹೋದವರಿಗೆ ಎಣ್ಣೆ ಕೊಂಡುಕೊಂಡು ಬದುಕು ಕೊಟ್ಟವರು ಅಂಥ ಊರುಗಳ ಜನರೇ. ಹಕ್ಕಿಪಿಕ್ಕಿಗಳು ಗಡಿಯನ್ನು ಎಂದೂ ದೊಡ್ಡದಾಗಿ ಎಣಿಸಿರಲಿಲ್ಲ. ಆದರೆ ಅವರನ್ನು ಉಳಿಸಿದ್ದು ಒಂದು ದೇಶದ ಮುದ್ರೆಯಿದ್ದ ಕಿರುಪುಸ್ತಕ. ಹೋಗುವವರನ್ನು ತಡೆಯುವುದು ಪರಿಹಾರವಲ್ಲ. ಊರಿನಲ್ಲೇ ಕಡಿಮೆ ಬಡ್ಡಿಯ ಸಾಲ, ಹೋಗುವ ಮುನ್ನ ಹೆಸರು ನೋಂದಾಯಿಸುವ ಸುಲಭ ವ್ಯವಸ್ಥೆ, ಆ ದೇಶದ ಸ್ಥಿತಿಗತಿಯ ಬಗ್ಗೆ ಅವರಿಗೆ ತಿಳಿಯುವ ಮಾತಿನಲ್ಲಿ ಮಾಹಿತಿ ಇಷ್ಟಾದರೂ ಬೇಕು. ಮುಂದಿನ ಯುದ್ಧ ಯಾವ ಊರಿನಲ್ಲೆಂದು ಯಾರೂ ಹೇಳಲಾರರು. ಅಲ್ಲಿ ಒಬ್ಬ ಹಕ್ಕಿಪಿಕ್ಕಿ ಇದ್ದಾನೆಯೇ ಎಂಬುದಾದರೂ ಮೊದಲೇ ಗೊತ್ತಿರಬೇಕು.