ತ್ವಚೆ ಆರೈಕೆ: ಸಿಬ್ಬಂದಿಯ ಸಲಹೆಗೂ ತರಬೇತಿ ಅಗತ್ಯ

ಸೌಂದರ್ಯ ಮಳಿಗೆಗಳ ಸಿಬ್ಬಂದಿ ಸಾಮಾಜಿಕ ಜಾಲತಾಣಗಳಲ್ಲಿ ನೀಡುವ ಸಲಹೆಯನ್ನು ಗ್ರಾಹಕರು ವೈದ್ಯರ ಮಾತಿನಂತೆಯೇ ನಂಬುವುದುಂಟು. ಮುಖದ ಬಿಳುಪಿಗೆಂದು ಸ್ಟೀರಾಯ್ಡ್ ಮುಲಾಮನ್ನು ದೀರ್ಘಕಾಲ ಹಚ್ಚಿದಲ್ಲಿ ಚರ್ಮ ತೆಳುವಾಗಿ ಮೊಡವೆಗಳು ಏಳಬಹುದು. ಬಳಕೆ ನಿಲ್ಲಿಸಿದಾಗ ಉರಿ ಉಲ್ಬಣಿಸಬಹುದು. ಈ ಕಾರಣದಿಂದಲೇ ಕೇಂದ್ರ ಸರ್ಕಾರವು 2018ರಲ್ಲಿ ಇಂತಹ ಹಲವು ಮುಲಾಮುಗಳ ಮಾರಾಟಕ್ಕೆ ವೈದ್ಯರ ಚೀಟಿಯನ್ನು ಕಡ್ಡಾಯಗೊಳಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ವಯ, ದಾರಿತಪ್ಪಿಸುವ ಜಾಹೀರಾತನ್ನು ಅನುಮೋದಿಸಿದವರಿಗೂ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ.

ಆದುದರಿಂದ ಮಾಲೀಕರು ತಮ್ಮ ಸಿಬ್ಬಂದಿಗೆ ಮೂರು ಅಂಶಗಳಲ್ಲಿ ತರಬೇತಿ ನೀಡುವುದು ಸೂಕ್ತ: ಸಲಹೆ ನೀಡುವ ಮುನ್ನ ಉತ್ಪನ್ನದ ಘಟಕಾಂಶಗಳನ್ನು ಓದುವುದು, ಹಣ ಅಥವಾ ಉಚಿತ ಸಾಮಗ್ರಿ ಪಡೆದಿದ್ದಲ್ಲಿ ಅದನ್ನು ಸ್ಪಷ್ಟವಾಗಿ ತಿಳಿಸುವುದು, ರೋಗಲಕ್ಷಣ ಕಂಡಲ್ಲಿ ಚರ್ಮರೋಗ ತಜ್ಞರ ಬಳಿಗೆ ಕಳುಹಿಸುವುದು. ತನ್ನ ತಿಳಿವಳಿಕೆಯ ಮಿತಿಯನ್ನರಿತ ಸಿಬ್ಬಂದಿಯೇ ಮಳಿಗೆಯ ನಿಜವಾದ ಬಂಡವಾಳ.