ಜನಗಣತಿಯ ಅಂಕಿಅಂಶ ಮತ್ತು ಹಳ್ಳಿಯ ಮಾರುಕಟ್ಟೆ

ಹೊಸ ಮಳಿಗೆಗೋ ಘಟಕಕ್ಕೋ ಬ್ಯಾಂಕಿನಿಂದ ಸಾಲ ಕೋರುವ ಬಾಗಲಕೋಟೆ ಜಿಲ್ಲೆಯ ವರ್ತಕರು ಯೋಜನಾ ವರದಿಯಲ್ಲಿ ಆಧಾರವಾಗಿ ತೋರಿಸಬಹುದಾದ ಕೊನೆಯ ಪೂರ್ಣ ಜನಗಣತಿ 2011ರದು. 2021ರಲ್ಲಿ ನಡೆಯಬೇಕಿದ್ದ ಗಣತಿಯು ಕೋವಿಡ್ ನಿಮಿತ್ತ ಮುಂದಕ್ಕೆ ಹೋಯಿತು. 2025ರ ಜೂನ್ ಅಧಿಸೂಚನೆಯಂತೆ ಮುಂದಿನ ಗಣತಿಗೆ 2027ರ ಮಾರ್ಚ್ 1 ಉಲ್ಲೇಖ ದಿನಾಂಕವಾಗಿದೆ. ಹದಿನಾರು ವರ್ಷ ಹಳೆಯ ದಾಸ್ತಾನು ಪಟ್ಟಿಯನ್ನು ಹಿಡಿದು ಖರೀದಿಗೆ ಹೊರಡುವ ವ್ಯಾಪಾರಿ ಯಾರೂ ಇರಲಾರರು. ಆದರೆ ಗಣತಿಯ ವಿಷಯದಲ್ಲಿ ಬೇರೆ ದಾರಿಯಿಲ್ಲ.

2001ರಲ್ಲಿ 16,51,892 ಇದ್ದ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 18,89,752ಕ್ಕೆ ಏರಿತು. ಬೆಳವಣಿಗೆ ಶೇ. 14.4. ಇದೇ ಅವಧಿಯಲ್ಲಿ ಇಳಕಲ್ ಪಟ್ಟಣ 51,956ರಿಂದ 60,242ಕ್ಕೂ, ಬಾದಾಮಿ 25,851ರಿಂದ 30,943ಕ್ಕೂ ಬೆಳೆದವು. ತಾಲ್ಲೂಕು ಕೇಂದ್ರವಾದ ಹುನಗುಂದದ ಜನಸಂಖ್ಯೆ 20,877 ಮಾತ್ರ. ಅದರ ಅಧೀನದಲ್ಲಿದ್ದ ಇಳಕಲ್ ಅದರ ಮೂರು ಪಟ್ಟಿಗೆ ಸಮೀಪದಲ್ಲಿತ್ತು. ಜಿಲ್ಲೆಯ ಸುಮಾರು ಶೇ. 68ರಷ್ಟು ಜನ ಮಾತ್ರ ಹಳ್ಳಿಗಳಲ್ಲೇ ಇದ್ದರು.

ಈ ಅಂಕಿಗಳನ್ನು ಬಳಸುವಾಗ ಮೊದಲು ಗಮನಿಸಬೇಕಾದುದು ಗಡಿ. 2011ರ ಪುಸ್ತಕದಲ್ಲಿ ‘ಹುನಗುಂದ ತಾಲ್ಲೂಕು’ ಎಂದಿರುವುದರಲ್ಲಿ ಇಳಕಲ್ ಸೇರಿದೆ, ‘ಬಾದಾಮಿ ತಾಲ್ಲೂಕಿ’ನಲ್ಲಿ ಗುಳೇದಗುಡ್ಡ ಸೇರಿದೆ. ಇವೆರಡೂ ಆನಂತರ ಪ್ರತ್ಯೇಕ ತಾಲ್ಲೂಕುಗಳಾದವು. ಆದ್ದರಿಂದ ಹಳೆಯ ತಾಲ್ಲೂಕಿನ ಮೊತ್ತವನ್ನು ಹೊಸ ತಾಲ್ಲೂಕಿನ ಮಾರುಕಟ್ಟೆಯೆಂದು ತೋರಿಸಿದರೆ, ಪಾಲುದಾರಿಕೆ ವಿಭಜನೆಯಾದ ಮೇಲೂ ಹಳೆಯ ಜಮಾ-ಖರ್ಚನ್ನೇ ಮುಂದಿಟ್ಟಂತಾಗುತ್ತದೆ. ಗ್ರಾಮವಾರು ಅಂಕಿಗಳನ್ನು ತೆಗೆದುಕೊಂಡು ಕೂಡಿಸುವುದೇ ಸರಿಯಾದ ಕ್ರಮ. ಶ್ರಮ ಹೆಚ್ಚು, ಆದರೆ ಲೆಕ್ಕ ತಾಳೆಯಾಗುತ್ತದೆ.

ಗ್ರಾಮವಾರು ಸಾರಾಂಶದಲ್ಲಿ ಜನಸಂಖ್ಯೆಯ ಅಂಕಣಕ್ಕಿಂತ ಕೆಲಸಗಾರರ ಅಂಕಣಗಳು ವ್ಯಾಪಾರಿಗೆ ಹೆಚ್ಚು ಉಪಯುಕ್ತ. ದುಡಿಯುವವರನ್ನು ಅಲ್ಲಿ ಕೃಷಿಕರು, ಕೃಷಿ ಕಾರ್ಮಿಕರು, ಗೃಹ ಕೈಗಾರಿಕೆಯವರು ಹಾಗೂ ಇತರರು ಎಂದು ನಾಲ್ಕಾಗಿ ವಿಂಗಡಿಸಲಾಗಿದೆ. ವರ್ಷದಲ್ಲಿ ಆರು ತಿಂಗಳಿಗಿಂತ ಕಡಿಮೆ ದುಡಿದವರದು ಬೇರೆಯೇ ಅಂಕಣ. ಈ ಅಂಕಣ ದಪ್ಪವಾಗಿರುವ ಊರಿನಲ್ಲಿ ಕೈಗಡ ವ್ಯಾಪಾರ ಮಾಡುವವರು ವಸೂಲಿಯ ಕಾಲವನ್ನು ಮೊದಲೇ ಯೋಚಿಸಬೇಕು.

ನೇಕಾರಿಕೆಯ ಊರುಗಳಲ್ಲಿ ಇನ್ನೊಂದು ತೊಡಕಿದೆ. ಗ್ರಾಮಾಂತರದಲ್ಲಾದರೆ ಮನೆಯವರೇ ಹೆಚ್ಚಾಗಿ ಸೇರಿ ಊರೊಳಗೆ ಎಲ್ಲಿ ನಡೆಸಿದರೂ ಅದು ಗೃಹ ಕೈಗಾರಿಕೆ. ಪಟ್ಟಣದಲ್ಲಿ ವಾಸದ ಮನೆಯ ಆವರಣದೊಳಗೆ ನಡೆದರೆ ಮಾತ್ರ. ಹೀಗಾಗಿ ಸೂಳೇಭಾವಿಯಲ್ಲಿ ಗೃಹ ಕೈಗಾರಿಕೆಗೆ ಸೇರುವ ಮಗ್ಗವು ಇಳಕಲ್‌ನಲ್ಲಿ ಬೇರೆ ಓಣಿಯ ಕೊಟ್ಟಿಗೆಯಲ್ಲಿದ್ದರೆ ‘ಇತರೆ’ಗೆ ಹೋಗುತ್ತದೆ. ಎರಡೂ ಊರುಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು, ಒಂದು ಕಡೆ ನೇಕಾರಿಕೆ ಉಳಿದಿದೆ, ಇನ್ನೊಂದು ಕಡೆ ಅಳಿದಿದೆ ಎಂದು ತೀರ್ಮಾನಿಸುವುದು ಅವಸರದ ಮಾತು.

ಗುಳೆಯ ಪ್ರಶ್ನೆಯೂ ಇದೆ. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ದಿನಗಳುದ್ದಕ್ಕೂ ಗೋವೆಗೋ ಮಂಗಳೂರಿಗೋ ಕಟ್ಟಡ ಕೆಲಸಕ್ಕೆ ಹೋಗಿದ್ದವರು ತಮ್ಮ ಊರಿನ ಲೆಕ್ಕದಲ್ಲಿ ಬರುವುದಿಲ್ಲ. ಆದರೆ ಅವರು ಕಳಿಸುವ ಹಣ ಊರಿನ ಸಂತೆಯಲ್ಲಿಯೇ ಖರ್ಚಾಗುತ್ತದೆ. ಜಾತ್ರೆ, ಮದುವೆಗೆ ಮರಳಿದಾಗ ಖರೀದಿಯೂ ಇಲ್ಲಿಯೇ. ಆ ವರ್ಷ ಜಿಲ್ಲೆಯಲ್ಲಿ ಸಾವಿರ ಪುರುಷರಿಗೆ 989 ಮಹಿಳೆಯರಿದ್ದರು, ರಾಜ್ಯದ ಸರಾಸರಿ 973. ಗಂಡಸರ ವಲಸೆಯೂ ಇದಕ್ಕೆ ಒಂದು ಕಾರಣವಿರಬಹುದು.

ಮುಂದಿನ ಗಣತಿಯಲ್ಲಿ ನೇಕಾರ ಕುಟುಂಬಗಳು ಕೊಡುವ ಉತ್ತರಕ್ಕೆ ಬೆಲೆಯಿದೆ. ಕಂಡಿಕೆ ಸುತ್ತುವುದು, ಹಾಸು ಸಿದ್ಧಪಡಿಸುವುದು, ಸೆರಗಿನ ಹಾಸನ್ನು ಒಡಲಿಗೆ ಕೊಂಡಿ ಹಾಕಿ ಜೋಡಿಸುವುದು ಹೆಚ್ಚಾಗಿ ಹೆಂಗಸರ ಕೆಲಸ. ಕೂಲಿ ಮನೆಯ ಯಜಮಾನನ ಕೈಗೆ ಸೇರುವುದರಿಂದ ಗಣತಿದಾರರು ಕೇಳಿದಾಗ ‘ಮನೆಗೆಲಸ’ ಎಂಬ ಉತ್ತರವೇ ಬರುತ್ತದೆ. ಗಣತಿಯ ವ್ಯಾಖ್ಯೆಯ ಪ್ರಕಾರ ಮನೆಯ ಉದ್ಯೋಗದಲ್ಲಿ ಕೂಲಿಯಿಲ್ಲದೆ ನೆರವಾಗುವವರೂ ಕೆಲಸಗಾರರೇ. ಸೀರೆ ವ್ಯಾಪಾರಿಗಳು ನೂಲು ಹಂಚುವ ದಿನ ಈ ಒಂದು ಮಾತನ್ನು ಮನೆಮನೆಗೆ ಮುಟ್ಟಿಸಬಹುದು.