ತಟ್ಟೆಯಲ್ಲಿರುವುದು ರಕ್ತವಲ್ಲ: ಫ್ರೆಂಚ್ ಸ್ಟೇಕ್‌ಹೌಸ್ ಬಗೆಗಿನ ತಪ್ಪು ಕಲ್ಪನೆಗಳು

ಬೆಂಗಳೂರಿನಿಂದ ತುಲೂಝ್‌ನ ವಿಮಾನ ಕಂಪನಿಗೋ ಪ್ಯಾರಿಸ್ಸಿನ ಸಾಫ್ಟ್‌ವೇರ್ ಕಚೇರಿಗೋ ಕೆಲಸದ ಮೇಲೆ ಹೋಗಿಬರುವ ಕನ್ನಡಿಗರು ಈಗ ಬಹಳ ಮಂದಿ. ಅಲ್ಲಿನ ಸಹೋದ್ಯೋಗಿಗಳು ಒಂದು ಸಂಜೆ ಒಳ್ಳೆಯ ಸ್ಟೇಕ್‌ಹೌಸಿಗೆ ಊಟಕ್ಕೆ ಕರೆಯುತ್ತಾರೆ. ಅಲ್ಲಿಂದ ಶುರು ದಿಗಿಲು: ಯಾವ ಫೋರ್ಕ್ ಮೊದಲು ಹಿಡಿಯಬೇಕು, ಕೋಟು ಬೇಕೇ, ವೇಟರ್ ಏನಂದುಕೊಂಡಾನು? ದನದ ಮಾಂಸ ತಿನ್ನುವುದು ಬಿಡುವುದು ಅವರವರಿಗೆ ಬಿಟ್ಟ ವಿಷಯ. ಆದರೆ ತಿನ್ನುವವರಾಗಲಿ ತಿನ್ನದವರಾಗಲಿ, ಹೆದರಬೇಕಿಲ್ಲದ ಕಡೆ ಹೆದರಿ, ಕೇಳಲೇಬೇಕಾದ ಪ್ರಶ್ನೆಯನ್ನು ಕೇಳದೆ ಎದ್ದು ಬರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಫೋರ್ಕಿನ ವಿಚಾರ ಯಾರೂ ಗಮನಿಸುವುದಿಲ್ಲ. ಇಸ್ತ್ರಿ ಮಾಡಿದ ಅಂಗಿ ಇದ್ದರೆ ಹೆಚ್ಚಿನ ಕಡೆ ಸಾಕು. ತಿಳಿದುಕೊಳ್ಳಬೇಕಾದ್ದು ಬೇರೆಯೇ ಇದೆ.

“ಕೆಂಪಗೆ ಹರಿಯುತ್ತಿದೆಯಲ್ಲ, ಅದು ರಕ್ತ”

ಎಲ್ಲಕ್ಕಿಂತ ಗಟ್ಟಿಯಾಗಿ ಬೇರುಬಿಟ್ಟ ನಂಬಿಕೆ ಇದು. ಫ್ರೆಂಚರಲ್ಲೂ ಇದೆ. ಚಿಂತಕ ರೋಲಾಂ ಬಾರ್ತ್ 1957ರಲ್ಲಿ ಪ್ರಕಟಿಸಿದ ‘ಮಿಥಾಲಜೀಸ್’ ಪುಸ್ತಕದಲ್ಲಿ ಸ್ಟೇಕ್ ಮತ್ತು ಫ್ರೈಸ್ ಬಗ್ಗೆಯೇ ಒಂದು ಪ್ರಬಂಧವಿದೆ. ವೈನಿನಂತೆ ಸ್ಟೇಕಿನ ಸುತ್ತಲೂ ರಕ್ತದ ಕಲ್ಪನೆ ಹೇಗೆ ಹೆಣೆದುಕೊಂಡಿದೆ ಎಂಬುದನ್ನು ಆತ ಅಲ್ಲಿ ವಿವರಿಸುತ್ತಾನೆ. ಕಲ್ಪನೆಯೇನೋ ನಿಜ, ರಕ್ತ ಮಾತ್ರ ನಿಜವಲ್ಲ.

ಪ್ರಾಣಿಯನ್ನು ಕಡಿದ ಹೊತ್ತಿನಲ್ಲೇ ರಕ್ತದ ಬಹುಪಾಲು ಹರಿದುಹೋಗಿರುತ್ತದೆ. ಮಾಂಸದಲ್ಲಿ ಮುಕ್ಕಾಲು ಭಾಗ ನೀರು. ಅದಕ್ಕೆ ಬಣ್ಣ ಕೊಡುವುದು ಮಯೊಗ್ಲೋಬಿನ್ ಎಂಬ ಪ್ರೋಟೀನು. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕವನ್ನು ಹೊತ್ತು ತಂದರೆ, ಸ್ನಾಯುವಿನೊಳಗೇ ಇರುವ ಮಯೊಗ್ಲೋಬಿನ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡರಲ್ಲೂ ಕಬ್ಬಿಣದ ಅಂಶವಿರುವುದರಿಂದ ಎರಡೂ ಕೆಂಪು. ಕೋಳಿಯ ಎದೆಭಾಗದಲ್ಲಿ ಮಯೊಗ್ಲೋಬಿನ್ ತೀರಾ ಕಡಿಮೆ, ಹಾಗಾಗಿ ಅದು ಬೆಳ್ಳಗೆ. ವಯಸ್ಸಾದ, ಓಡಾಡಿದ ಹಸುವಿನ ಸ್ನಾಯುವಿನಲ್ಲಿ ಹೆಚ್ಚು, ಹಾಗಾಗಿ ಕಡುಗೆಂಪು. ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಈ ಪ್ರೋಟೀನು ರೂಪಗೆಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ. ತುಂಡಿನ ನಡುಭಾಗ ಎಷ್ಟು ಬಿಸಿಯಾಯಿತು ಎಂಬುದಕ್ಕೆ ಬಣ್ಣ ಒಂದು ಅಂದಾಜಿನ ಸೂಚನೆ, ಅಷ್ಟೇ.

ಇದು ಗೊತ್ತಿದ್ದರೆ ವೇಟರ್ ಕೇಳುವ ಬಹುಮುಖ್ಯ ಪ್ರಶ್ನೆಗೆ ಉತ್ತರ ಸಲೀಸು. ಮಾಂಸ ಎಷ್ಟು ಬೇಯಬೇಕು? ಫ್ರಾನ್ಸಿನಲ್ಲಿ ನಾಲ್ಕು ಹಂತ. ‘ಬ್ಲ’ ಎಂದರೆ ಹೊರಗೆ ಕೆಂಪಗೆ ಹುರಿದು ಒಳಗೆ ಬೆಚ್ಚಗಾಗಿದೆ ಅನ್ನುವಷ್ಟೇ. ‘ಸೆನ್ಯಾಂ’ ಎಂದರೆ ನಡುಭಾಗ ಸುಮಾರು 50 ಡಿಗ್ರಿ, ಒಳಗೆಲ್ಲ ಕೆಂಪು. ‘ಆ ಪ್ವಾಂ’ ಎಂದರೆ 55ರ ಆಚೀಚೆ. ‘ಬಿಯಾಂ ಕ್ವಿ’ ಎಂದರೆ ಪೂರ್ತಿ ಬೆಂದದ್ದು. ಎಡವುವುದು ಮೂರನೆಯದರಲ್ಲಿ. ಅದನ್ನು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕೇಳಿದ ‘ಮೀಡಿಯಂ’ ಎಂದುಕೊಳ್ಳುವವರು ಬಹಳ. ಫ್ರೆಂಚ್ ಅಡುಗೆಮನೆಯಲ್ಲಿ ಎಲ್ಲ ಹಂತವೂ ಸ್ವಲ್ಪ ಹಸಿಯ ಕಡೆಗೇ ವಾಲಿರುತ್ತದೆ. ತಿಳಿಗುಲಾಬಿ ಬೇಕಿದ್ದವರು ‘ಆ ಪ್ವಾಂ’ಗಿಂತ ತುಸು ಹೆಚ್ಚು ಎಂದು ಬಿಡಿಸಿ ಹೇಳುವುದು ಲೇಸು.

ಪೂರ್ತಿ ಬೇಯಿಸಿಕೊಡಿ ಎಂದರೆ ಬಾಣಸಿಗ ಅವಮಾನ ಮಾಡುತ್ತಾನೆ ಎಂಬ ಭಯವೂ ಇದೆ. ಕೆಲವರು ಮುಖ ಸಿಂಡರಿಸಬಹುದು, ಆದರೂ ಹೆಚ್ಚಿನ ಕಡೆ ಮಾಡಿಕೊಡುತ್ತಾರೆ. ಅವರ ಹಿಂಜರಿಕೆಗೆ ಜಂಬವಲ್ಲದ ಕಾರಣವೊಂದಿದೆ. ನಮ್ಮ ಮಟನ್ ಸಾರಿಗೆ ಹಾಕುವ ತೊಡೆ, ಕಾಲಿನ ಮಾಂಸದಲ್ಲಿ ಕೊಲಾಜೆನ್ ಎಂಬ ನಾರುಪದಾರ್ಥ ಧಾರಾಳ. ಗಂಟೆಗಟ್ಟಲೆ ಬೇಯಿಸಿದರೆ ಅದು ಕರಗಿ ಅಂಟಂಟಾಗಿ ಮಾಂಸವನ್ನು ಮೆತ್ತಗಾಗಿಸುತ್ತದೆ. ‘ಚೆನ್ನಾಗಿ ಬೇಯಲಿ’ ಎಂಬ ನಮ್ಮ ಮನೆಯ ಮಾತು ಆ ಮಾಂಸಕ್ಕೆ ನೂರಕ್ಕೆ ನೂರು ಸರಿ. ಸ್ಟೇಕಿಗೆ ಆರಿಸುವ ಬೆನ್ನಿನ ತುಂಡುಗಳಲ್ಲಿ ಕೊಲಾಜೆನ್ ಕಡಿಮೆ. ಅಲ್ಲಿ ಶಾಖ 65 ಡಿಗ್ರಿ ದಾಟಿದರೆ ಸ್ನಾಯುವಿನ ಪ್ರೋಟೀನುಗಳು ಬಿಗಿಯಾಗಿ ಕುಗ್ಗಿ ನೀರನ್ನು ಹಿಂಡಿ ಹಾಕುತ್ತವೆ, ಉಳಿಯುವುದು ಒಣ ನಾರು. ಪೂರ್ತಿ ಬೆಂದ ಮಾಂಸವೇ ಇಷ್ಟವೆನ್ನುವವರಿಗೆ ನನ್ನ ಸಲಹೆ: ಸ್ಟೇಕ್ ಬಿಟ್ಟು, ಮೆನುವಿನಲ್ಲಿದ್ದರೆ ‘ಬಫ್ ಬೂರ್ಗಿನ್ಯೋಂ’ ಕೇಳಿ. ಕೆಂಪು ವೈನಿನಲ್ಲಿ ಗಂಟೆಗಟ್ಟಲೆ ಬೆಂದ ಮಾಂಸ ಅದು. ರುಚಿಯಲ್ಲಿ ಯಾವ ಸ್ಟೇಕಿಗೂ ಕಡಿಮೆಯಲ್ಲ.

“ಜೋರು ಉರಿಯಲ್ಲಿ ಸುಟ್ಟರೆ ರಸ ಒಳಗೇ ಬೀಗ ಹಾಕಿಕೊಳ್ಳುತ್ತದೆ”

ಜರ್ಮನ್ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ 1847ರಲ್ಲಿ ಮುಂದಿಟ್ಟ ವಿಚಾರ ಇದು. ಮೊದಲಿಗೇ ಬಲವಾದ ಶಾಖ ಕೊಟ್ಟರೆ ಹೊರಪದರ ಗಟ್ಟಿಯಾಗಿ ರಸ ಹೊರಬರಲಾರದು ಎಂದು ಅವನ ತರ್ಕ. ದೊಡ್ಡ ದೊಡ್ಡ ಬಾಣಸಿಗರು ಅದನ್ನು ಒಪ್ಪಿದರು, ಅಡುಗೆ ಶಾಲೆಗಳು ಕಲಿಸಿದವು. ಅಮೆರಿಕದ ಲೇಖಕ ಹೆರಾಲ್ಡ್ ಮೆಕ್‌ಗೀ 1984ರ ತನ್ನ ಪುಸ್ತಕದಲ್ಲಿ ಇದನ್ನು ವಿವರವಾಗಿ ಅಲ್ಲಗಳೆದ. ನಿಜಕ್ಕೂ ಕಿವಿಯೇ ಇದಕ್ಕೆ ಸಾಕ್ಷಿ: ಹುರಿದ ತುಂಡು ಬಾಣಲೆಯಲ್ಲಿ ಚುರುಗುಟ್ಟುತ್ತಲೇ ಇರುವುದು ನೀರು ಹೊರಬಂದು ಆವಿಯಾಗುತ್ತಿರುವುದರಿಂದಲೇ.

ಹಾಗಾದರೆ ಜೋರು ಉರಿ ಯಾಕೆ? ಪರಿಮಳಕ್ಕೆ. ಸುಮಾರು 140 ಡಿಗ್ರಿಯ ಮೇಲೆ ಅಮೈನೋ ಆಮ್ಲಗಳೂ ಸಕ್ಕರೆಗಳೂ ಸೇರಿ ನೂರಾರು ಹೊಸ ಸುವಾಸನೆಗಳನ್ನು ಹುಟ್ಟಿಸುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮಯಾರ್ ಹೆಸರೇ ಈ ಕ್ರಿಯೆಗಿದೆ. ಬ್ರೆಡ್ಡಿನ ಹೊರಪದರ, ಹುರಿದ ಕಾಫಿ ಬೀಜದ ಘಮದಲ್ಲೂ ಇದರದೇ ಕೈವಾಡ. ರಸ ಉಳಿಯುವುದು ಒಳಗಿನ ಶಾಖ ಹದದಲ್ಲಿದ್ದರೆ, ಮತ್ತು ಉರಿಯಿಂದ ಇಳಿಸಿದ ಮೇಲೆ ಕೆಲವು ನಿಮಿಷ ಸುಮ್ಮನೆ ಬಿಟ್ಟರೆ. ಆದ್ದರಿಂದ ತಟ್ಟೆ ಬರುವುದು ತಡವಾದರೆ ಸಿಟ್ಟಾಗಬೇಡಿ. ಹೊಗೆಯೆಬ್ಬಿಸುತ್ತ ಬರುವ ಬೆಂಗಳೂರಿನ ಸಿಜ್ಲರ್ ತಟ್ಟೆಯನ್ನು ಅಲ್ಲಿ ನಿರೀಕ್ಷಿಸಲೂ ಬೇಡಿ. ಕಾದ ಕಬ್ಬಿಣದ ಮೇಲಿಟ್ಟರೆ ಮಾಂಸ ಮೇಜಿನ ಮೇಲೂ ಬೇಯುತ್ತಲೇ ಇರುತ್ತದೆ, ಬಾಣಸಿಗ ಹಿಡಿದ ಹದ ಅಲ್ಲೇ ಕೆಡುತ್ತದೆ.

“ಅರೆಬೆಂದದ್ದು ತಿಂದರೆ ಹೊಟ್ಟೆ ಕೆಡುವುದು ಖಂಡಿತ”

ಕತ್ತರಿಸದ ಇಡೀ ತುಂಡಿನಲ್ಲಿ ರೋಗಾಣುಗಳು ಇರುವುದು ಸಾಮಾನ್ಯವಾಗಿ ಹೊರಮೈಯಲ್ಲಿ. ಜೋರು ಶಾಖಕ್ಕೆ ಅವು ಸಾಯುತ್ತವೆ. ಕೊಚ್ಚಿದ ಮಾಂಸದ ಕಥೆ ಬೇರೆ, ಏಕೆಂದರೆ ಹೊರಗಿದ್ದದ್ದು ಒಳಗೆಲ್ಲ ಬೆರೆತುಹೋಗಿರುತ್ತದೆ. ‘ಸ್ಟೇಕ್ ತಾರ್ತಾರ್’ ಎಂಬ ಹೆಸರು ನೋಡಿ ಸ್ಟೇಕೇ ಇರಬೇಕೆಂದು ತರಿಸಿಕೊಂಡವರ ಮುಂದೆ ಬರುವುದು ಹಸಿ ಮಾಂಸದ ಕೊಚ್ಚು, ಹಸಿ ಮೊಟ್ಟೆಯ ಹಳದಿಯ ಜೊತೆ. ಒಳ್ಳೆಯ ಕಡೆ ಆಗಿಂದಾಗಲೇ ಕತ್ತರಿಸಿ ಕೊಡುತ್ತಾರೆ, ಇಷ್ಟಪಡುವವರು ತುಂಬಾ ಇದ್ದಾರೆ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಮಾತ್ರ ಅದನ್ನು ಮುಟ್ಟದಿರುವುದೇ ಸರಿ. ಇವರು ಅರೆಬೆಂದ ಸ್ಟೇಕಿನಿಂದಲೂ ದೂರವಿರುವುದು ಒಳ್ಳೆಯದು.

“ದೊಡ್ಡ ತುಂಡು, ಕೊಬ್ಬು ತುಂಬಿದ ತುಂಡು, ದುಬಾರಿ ತುಂಡು: ಅದೇ ಶ್ರೇಷ್ಠ”

ಅಮೆರಿಕದ ಸ್ಟೇಕ್‌ಹೌಸನ್ನು ಸಿನಿಮಾದಲ್ಲಿ ನೋಡಿ ಕಟ್ಟಿಕೊಂಡ ನಿರೀಕ್ಷೆ ಇದು. ಅಲ್ಲಿ ಜೋಳ ತಿನ್ನಿಸಿ ಕೊಬ್ಬಿಸಿದ ದನ, ತಟ್ಟೆ ತುಂಬುವ ತುಂಡು. ಫ್ರಾನ್ಸಿನಲ್ಲಿ ಒಬ್ಬರಿಗೆ ಬಡಿಸುವುದು ಸಾಮಾನ್ಯವಾಗಿ ಇನ್ನೂರು ಗ್ರಾಂ ಆಸುಪಾಸು. ಷಾರೊಲೇ, ಲಿಮೂಸಾಂ, ಓಬ್ರಾಕ್ ತಳಿಗಳ ದನಗಳು ಹೆಚ್ಚಾಗಿ ಹುಲ್ಲು ಮೇಯ್ದು ಬೆಳೆದವು. ಹಾಲು ಕರೆಯುವುದು ನಿಲ್ಲಿಸಿದ, ವಯಸ್ಸಾದ ಹಸುಗಳ ಮಾಂಸವೂ ಅಲ್ಲಿನ ಮಾರುಕಟ್ಟೆಯಲ್ಲಿ ದೊಡ್ಡ ಪಾಲು. ಕೊಬ್ಬು ಕಡಿಮೆ, ಅಗಿಯಲು ತುಸು ಹೆಚ್ಚು ಕೆಲಸ, ರುಚಿ ಗಾಢ. ಮೊದಲ ತುತ್ತಿಗೇ ‘ಗಟ್ಟಿ’ ಎಂದು ತಟ್ಟೆ ಬದಿಗಿಡುವವರಿಗೆ ಹೇಳುತ್ತೇನೆ: ಮೆತ್ತಗಿರುವುದಷ್ಟೇ ಒಳ್ಳೆಯ ಮಾಂಸದ ಅಳತೆಯಲ್ಲ.

ಎಲ್ಲಕ್ಕಿಂತ ದುಬಾರಿಯಾದ ‘ಫಿಲೆ’ ಎಲ್ಲಕ್ಕಿಂತ ಮೆದು, ಜೊತೆಗೆ ಎಲ್ಲಕ್ಕಿಂತ ಸಪ್ಪೆ. ಅದು ಹೆಚ್ಚು ಕೆಲಸ ಮಾಡದ ಸ್ನಾಯು. ಪಕ್ಕೆಲುಬಿನ ಬಳಿಯ ‘ಆಂತ್ರಕೋತ್’ನಲ್ಲಿ ಕೊಬ್ಬಿನ ಎಳೆಗಳಿವೆ, ಅದೇ ಅದರ ಸೊಗಸು. ವಪೆಗೆ ಅಂಟಿಕೊಂಡು ಜೋತಿರುವ ‘ಓಂಗ್ಲೆ’ ಒಂದು ಪ್ರಾಣಿಗೆ ಒಂದೇ. ಅದನ್ನು ಕಟುಕರು ತಮಗೇ ಇಟ್ಟುಕೊಳ್ಳುತ್ತಿದ್ದರು ಎಂಬ ಮಾತಿದೆ. ಬೆಲೆ ಕಡಿಮೆ, ರುಚಿ ಬಹಳ. ನನ್ನನ್ನು ಕೇಳಿದರೆ ಮೆನುವಿನಲ್ಲಿ ಓಂಗ್ಲೆ ಇದ್ದಾಗ ಬೇರೇನನ್ನೂ ನೋಡಬೇಕಾಗಿಲ್ಲ, ಆದರೆ ಅದನ್ನು ‘ಸೆನ್ಯಾಂ’ಗಿಂತ ಹೆಚ್ಚು ಬೇಯಿಸಿದರೆ ರಬ್ಬರು. ಮೂಳೆಸಹಿತ ಬರುವ ‘ಕೋತ್ ದ ಬಫ್’ ಸುಮಾರು ಒಂದು ಕಿಲೋ ತೂಗಬಹುದು. ಅದು ಇಬ್ಬರಿಗೆ. ಬರೆದಿರುವ ಬೆಲೆ ಇಬ್ಬರಿಗೆ ಸೇರಿಯೋ ತಲೆಗೋ ಎಂದು ಆರ್ಡರ್ ಕೊಡುವ ಮುಂಚೆಯೇ ವಿಚಾರಿಸಿ.

ಮಾಂಸ ಎಲ್ಲಿಯದು ಎಂದು ಕೇಳಲು ಸಂಕೋಚವೂ ಬೇಡ. ದನ ಹುಟ್ಟಿದ, ಬೆಳೆದ, ಕಡಿಯಲ್ಪಟ್ಟ ದೇಶವನ್ನು ಹೋಟೆಲುಗಳು ಗಿರಾಕಿಗೆ ಕಾಣುವಂತೆ ಬರೆಯಬೇಕೆಂದು 2002ರ ಆದೇಶವೇ ಇದೆ.

ಆಯ್ಕೆ ಕಡಿಮೆಯಿದ್ದರೆ ಹೋಟೆಲ್ ಸಾಧಾರಣದ್ದು ಎಂದೂ ತೀರ್ಮಾನಿಸಬೇಡಿ. ಪ್ಯಾರಿಸ್ಸಿನ ಪೋರ್ತ್ ಮಯೋ ಬಳಿ 1959ರಲ್ಲಿ ಪೋಲ್ ಜಿನೆಸ್ತ್ ದ ಸೋರ್ ಆರಂಭಿಸಿದ ‘ಲ ರಲೇ ದ ವನೀಸ್’ನಲ್ಲಿ ಊಟಕ್ಕೆ ಇರುವುದು ಒಂದೇ: ಅಕ್ರೋಟು ಹಾಕಿದ ಸಾಲಡ್, ಆಮೇಲೆ ಗುಟ್ಟಿನ ಸಾಸಿನ ಸ್ಟೇಕ್ ಮತ್ತು ಫ್ರೈಸ್. ಅದು ಐಷಾರಾಮಿ ಜಾಗವಲ್ಲ, ಟೇಬಲ್ ಕಾದಿರಿಸಲೂ ಬರುವುದಿಲ್ಲ. ಆದರೂ ಬಾಗಿಲಲ್ಲಿ ಸಾಲು ನಿಂತಿರುತ್ತದೆ.

“ಸಸ್ಯಾಹಾರಿಗೆ ಫ್ರೈಸ್, ಸೂಪ್ ಇದ್ದೇ ಇರುತ್ತದಲ್ಲ”

ಈ ಒಂದು ನಂಬಿಕೆಯನ್ನು ಮಾತ್ರ ದಯವಿಟ್ಟು ಕೈಬಿಡಿ. ಫ್ರೈಸನ್ನು ಕೆಲವು ಕಡೆ ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ಗರಿಗರಿಯಾಗುತ್ತದೆಂದು ಒಳ್ಳೆಯ ಹೋಟೆಲುಗಳೇ ಇದನ್ನು ಹೆಮ್ಮೆಯಿಂದ ಮಾಡುತ್ತವೆ. ಪ್ರಸಿದ್ಧವಾದ ಈರುಳ್ಳಿ ಸೂಪಿನ ಬುನಾದಿ ಸಾಮಾನ್ಯವಾಗಿ ದನದ ಮೂಳೆ ಬೇಯಿಸಿದ ನೀರು. ಅಣಬೆ ಸಾಸು, ಮೆಣಸಿನ ಸಾಸುಗಳಲ್ಲಿ ಕರುವಿನ ಮೂಳೆಯ ಸಾರ ಸೇರಿರಬಹುದು. ಸಾಲಡ್ಡಿನಲ್ಲಿ ಹಂದಿಯ ಸಣ್ಣ ಚೂರುಗಳು ಅಡಗಿರಬಹುದು.

ಆಲೂಗಡ್ಡೆ, ಕೆನೆ, ಬೆಳ್ಳುಳ್ಳಿಯ ‘ಗ್ರಾತಾಂ ದೋಫಿನ್ವಾ’ ಸಾಮಾನ್ಯವಾಗಿ ಸುರಕ್ಷಿತ. ಅದರ ಸಾವ್ವಾ ಸೀಮೆಯ ತಂಗಿ ‘ಗ್ರಾತಾಂ ಸಾವ್ವಾಯಾರ್’ಗೆ ಮಾಂಸದ ಸಾರು ಹಾಕುತ್ತಾರೆ. ಚೀಸ್ ವಿಚಾರದಲ್ಲಿ ಇನ್ನೂ ಎಚ್ಚರ: ಕೋಂತೆ, ರೋಕ್‌ಫೋರ್‌ನಂಥ ಸಾಂಪ್ರದಾಯಿಕ ಚೀಸುಗಳಲ್ಲಿ ಹಾಲು ಒಡೆಸಲು ಬಳಸುವುದು ಎಳೆಗರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್. ಚಾಕೊಲೆಟ್ ಮೂಸ್‌ನಲ್ಲಿ ಹಸಿ ಮೊಟ್ಟೆಯಿರುತ್ತದೆ, ಕೆಲವು ಸಿಹಿಗಳಲ್ಲಿ ಜೆಲಟಿನ್. ಮೊಟ್ಟೆ ತಿನ್ನುವವರಿಗೆ ಬೆಯಾರ್ನೇಸ್ ಸಾಸಿನ ಮಟ್ಟಿಗೆ ಸಮಾಧಾನವಿದೆ. ಬೆಣ್ಣೆ, ಮೊಟ್ಟೆಯ ಹಳದಿ, ವಿನೆಗರ್, ಸಣ್ಣ ಈರುಳ್ಳಿ, ತಾರಗನ್ ಸೊಪ್ಪು, ಇಷ್ಟೇ ಅದರ ಮೂಲ ಸಾಮಗ್ರಿ.

ಉಪಾಯ ಸರಳ. ಟೇಬಲ್ ಕಾದಿರಿಸುವಾಗಲೇ ಹೇಳಿಬಿಡಿ. ಬರೀ ‘ವೆಜಿಟೇರಿಯನ್’ ಅಂದರೆ ಮೀನು ತಿನ್ನುತ್ತೀರಾ ಎಂಬ ಪ್ರಶ್ನೆ ಬರಬಹುದು. ಆದ್ದರಿಂದ ಮಾಂಸ, ಮೀನು, ಮೂಳೆಯ ಸಾರು, ಪ್ರಾಣಿಯ ಕೊಬ್ಬು ಯಾವುದೂ ಬೇಡ ಎಂದು ಒಂದೊಂದಾಗಿ ಹೇಳಿ. ಒಂದು ದಿನ ಮೊದಲೇ ತಿಳಿದರೆ ಒಳ್ಳೆಯ ಅಡುಗೆಮನೆ ನಿಮಗಾಗಿ ಏನಾದರೂ ಮಾಡುತ್ತದೆ. ಮೇಜಿಗೆ ಕೂತ ಮೇಲೆ ಹೇಳಿದರೆ ಎಲೆ ಸಾಲಡ್ಡೇ ಗತಿ.

“ವೇಟರಿಗೆ ನಮ್ಮ ಮೇಲೆ ತಾತ್ಸಾರ”

ಒಳಗೆ ಕಾಲಿಟ್ಟೊಡನೆ ‘ಬೊಂಸ್ವಾರ್’ ಅನ್ನದೆ ನೇರವಾಗಿ ಟೇಬಲ್ ಕೇಳುವುದು ಅಲ್ಲಿ ಒರಟುತನ. ಬಹಳಷ್ಟು ತಾತ್ಸಾರ ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತದೆ. ಆಮೇಲೆ ಅವನು ಐದು ನಿಮಿಷಕ್ಕೊಮ್ಮೆ ಬಂದು ವಿಚಾರಿಸದಿದ್ದರೆ ಅದು ನಿಮಗೆ ಕೊಟ್ಟ ಮರ್ಯಾದೆ. ಸಾಮಾನ್ಯವಾಗಿ ಸಂಜೆಯಿಡೀ ಆ ಮೇಜು ನಿಮ್ಮದು. ಅವನ ಬದುಕು ಟಿಪ್ಸ್ ಮೇಲೆ ನಿಂತಿಲ್ಲ. ಮೆನುವಿನ ಬೆಲೆಯಲ್ಲಿ ಸೇವಾಶುಲ್ಕ ಸೇರಿರಬೇಕೆಂಬುದು 1987ರಿಂದ ಇರುವ ನಿಯಮ. ತೃಪ್ತಿಯಾದರೆ ಕೆಲವು ಯೂರೋ ಬಿಟ್ಟು ಬನ್ನಿ, ಬಿಡದಿದ್ದರೂ ತಪ್ಪಲ್ಲ.

ವೈನ್ ಬಾಟಲಿ ತೆರೆದು ಲೋಟದ ತಳಕ್ಕೆ ಒಂದಿಷ್ಟು ಸುರಿದು ಕಾದು ನಿಂತಾಗ ಅದು ಪರೀಕ್ಷೆಯೆಂದು ಬೆವರುವವರಿದ್ದಾರೆ. ಬಿರಡೆಯ ದೋಷದಿಂದ ವೈನ್ ಕೆಟ್ಟಿದೆಯೇ ಎಂದಷ್ಟೇ ನೋಡಬೇಕು. ಕೆಟ್ಟಿದ್ದರೆ ನೆನೆದ ರಟ್ಟಿನ ವಾಸನೆ ಬರುತ್ತದೆ. ಇಲ್ಲವಾದರೆ ತಲೆಯಾಡಿಸಿದರೆ ಮುಗಿಯಿತು. ವೈನ್ ಬೇಡವೇ ಬೇಡ ಎಂದರೂ ಯಾರೂ ಬೇಸರಿಸುವುದಿಲ್ಲ.

ನೀರಿಗೂ ದುಡ್ಡು ಎಂಬುದು ಅರ್ಧ ಸತ್ಯ. ಸುಮ್ಮನೆ ‘ನೀರು’ ಅಂದರೆ ಬಾಟಲಿ ಬರುತ್ತದೆ, ಬಿಲ್ಲೂ ಏರುತ್ತದೆ. ‘ಕಾರಾಫ್ ದೋ’ ಎಂದು ಕೇಳಿದರೆ ನಲ್ಲಿ ನೀರಿನ ಹೂಜಿ ಪುಕ್ಕಟೆ ಬರುತ್ತದೆ. ಊಟದ ಜೊತೆಗಿನ ನೀರು, ಬ್ರೆಡ್ಡಿಗೆ ಬೇರೆ ದುಡ್ಡು ಕೇಳುವಂತಿಲ್ಲವೆಂದು 1967ರಲ್ಲೇ ಆದೇಶವಾಗಿದೆ. ಕುಡಿಯುವ ನೀರು ಉಚಿತ ಎಂಬುದನ್ನು ಗಿರಾಕಿಗೆ ಕಾಣುವಂತೆ ಬರೆದಿಡಬೇಕೆಂದು 2020ರ ಕಾಯ್ದೆಯೊಂದು ಸೇರಿಸಿತು.

ಊಟ ಮುಗಿದು ಅರ್ಧ ಗಂಟೆಯಾದರೂ ಬಿಲ್ ಬರಲಿಲ್ಲವೆಂದು ಚಡಪಡಿಸಬೇಡಿ. ಕೇಳದೆ ಬಿಲ್ ತಂದಿಟ್ಟರೆ ಗಿರಾಕಿಯನ್ನು ಎಬ್ಬಿಸಿ ಕಳಿಸಿದಂತೆ ಎಂಬುದು ಅವರ ಭಾವನೆ. ವೇಟರ್‌ನ ಕಣ್ಣು ನಿಮ್ಮತ್ತ ತಿರುಗಿದಾಗ ‘ಲಾದಿಸಿಯೋಂ, ಸಿಲ್ ವೂ ಪ್ಲೇ’ ಅನ್ನಿ. ಬಿಲ್ಲಿನಲ್ಲಿ ಊಟಕ್ಕೆ ಶೇಕಡ 10, ಮದ್ಯಕ್ಕೆ ಶೇಕಡ 20 ಎಂದು ನಮೂದಾಗಿರುವ ತೆರಿಗೆ ಮೆನುವಿನ ಬೆಲೆಯೊಳಗೇ ಇದ್ದದ್ದು. ಕೊನೆಯ ಸಾಲಿನಲ್ಲಿ ಕಾಣುವ ಮೊತ್ತವೇ ಕೊಡಬೇಕಾದ್ದು.